ಕಾಶವ್ವನಿಗೆ ಮೌನ ಬೇಡ

ಫೆಬ್ರವರಿ ೩೦, ೨೧೮೭
ನಮ್ಮೂರ ಪೊಲೀಸ್ ಠಾಣೆಯ ಜಗಲಿ

ದುರುಗವ್ವನ ಮೊಮ್ಮಕ್ಕಳ ಮೊಮ್ಮಕ್ಕಳೇ,

ನಾನು ನಿಮ್ಮ ಯಮನಪ್ಪ ಮಾವ. ದುರುಗವ್ವ ನನ್ನ ತಂಗಿ ಕಾಶವ್ವನ ಮಗಳು. ಹಾಗಾಗಿ ಎಷ್ಟು ತಲೆಮಾರು ದಾಟಿದರೂ ನಾನು ನಿಮಗೆ ಮಾವನೇ. ತಪ್ಪಾಯಿತು ಎಂದು ಬರೆದುಕೊಡಲು ಇನ್‌ಸ್ಪೆಕ್ಟರ್ ಸಾಹೇಬರು ಕೊಟ್ಟ ಹಾಳೆಗಳ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಕ್ಷಮೆ ಕೇಳುತ್ತೇನೆ, ಆದರೆ ಅವರನ್ನಲ್ಲ, ನಿಮ್ಮನ್ನು: ನನ್ನ ಕಾಲದ ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಬಹುದು. ನಾನು ಏಳನೆಯ ಇಯತ್ತೆ ಕಲಿತವನು. ಅಷ್ಟಾದರೂ ಈ ಠಾಣೆಯಲ್ಲಿ ನನ್ನಷ್ಟು ದುಂಡಗೆ ಬರೆಯುವವರು ಯಾರೂ ಇಲ್ಲ.

ಮೇಲಿನ ತಾರೀಖು ನೋಡಿ ಮುದುಕನಿಗೆ ಅರಳುಮರಳು ಎನ್ನಬೇಡಿ. ಯುದ್ಧ ಮುಗಿದ ಮೇಲೆ ಸತ್ತವರಿಗೊಂದು ದಿನ ಕೊಡಬೇಕು ಎಂದಾಯಿತು. ಇದ್ದ ದಿನಗಳಲ್ಲಿ ಒಂದನ್ನು ಬಿಟ್ಟುಕೊಡಲು ಸರಕಾರಕ್ಕೆ ಮನಸ್ಸಾಗಲಿಲ್ಲ. ಫೆಬ್ರವರಿಯ ಬಾಲಕ್ಕೆ ಹೊಸ ದಿನ ಹೊಲಿದು, ಮೌನದಿನ ಎಂದು ಹೆಸರಿಟ್ಟರು. ಆ ಹೆಸರಿನೊಡನೆಯೇ ನನ್ನ ಜಗಳ.

ಆ ಯುದ್ಧ ನಮ್ಮದಲ್ಲ. ದೊಡ್ಡ ದೇಶಗಳು ಬಡಿದಾಡಿದವು, ನಾವು ಆಳು ಕೊಟ್ಟೆವು. ವೈರಿಯ ಬಳಿ ಕಿವಿಹಕ್ಕಿಗಳಿದ್ದವು. ಅಂಗೈಯಷ್ಟಗಲದ ಹಾರುವ ಯಂತ್ರ. ಅದಕ್ಕೆ ಕಣ್ಣಿಲ್ಲ, ಕಿವಿ ಮಾತ್ರ. ಮನುಷ್ಯರ ಸದ್ದು ಎಲ್ಲಿ ಕೇಳಿತೋ ಅಲ್ಲಿ ಬಿದ್ದು ಸಿಡಿಯುತ್ತಿತ್ತು. ಅವು ಗಡಿ ದಾಟಿ ನಮ್ಮೂರವರೆಗೂ ಬಂದವು. ಮೂರು ವರ್ಷ ಊರಿಗೆ ಊರೇ ಬಾಯಿ ಕಟ್ಟಿಕೊಂಡಿತು. ಕುಕ್ಕರಿನ ಸೀಟಿ ಕಿತ್ತಿಟ್ಟೆವು, ಗುಡಿಯ ಗಂಟೆಗೆ ಗೋಣಿಚೀಲ ಸುತ್ತಿದೆವು, ಹುಂಜಗಳನ್ನೆಲ್ಲ ಮೊದಲ ವಾರವೇ ದೇಶಭಕ್ತಿಯಿಂದ ತಿಂದು ಮುಗಿಸಿದೆವು. ನಾನು ಮಲಗಿದರೆ ಸಾಕು, ಗೊರಕೆಗೆ ಹೆದರಿ ಹೆಂಡತಿ ಸಾಂವಕ್ಕ ನನ್ನ ಮೂಗು ಹಿಡಿದು ಕೂರುತ್ತಿದ್ದಳು. ನಗಬೇಡಿ. ಮಗನ ಹೆಣದ ಮುಂದೆ ಬಾಯಿಗೆ ಸೆರಗು ತುರುಕಿಕೊಂಡು ಕುಳಿತ ತಾಯಂದಿರನ್ನೂ ನಾನು ನೋಡಿದ್ದೇನೆ.

ಹಕ್ಕಿಗಳನ್ನು ಬೇರೆ ಕಡೆಗೆ ಸೆಳೆಯಲು ಸೇನೆಯವರು ಮೊದಲು ಸ್ಪೀಕರ್ ಇಟ್ಟರು. ತುಂಬಿಟ್ಟ ಸದ್ದು ಪ್ರತಿಸಲ ಒಂದೇ ತೆರ. ಹಕ್ಕಿಗಳು ಬೇಗನೆ ಗುರುತು ಹಿಡಿದವು. ಮನುಷ್ಯನ ಕೈಯ ಪೆಟ್ಟು ಒಂದರಂತೆ ಇನ್ನೊಂದಿರುವುದಿಲ್ಲ. ಆಗ ಸೇನೆಯ ಜೀಪು ನಮ್ಮ ಓಣಿಗೆ ಬಂತು. ಊರಿನ ಮದುವೆಗೆ, ಸಾವಿಗೆ, ಹೋಳಿ ಹಬ್ಬಕ್ಕೆ ಹಲಗೆ ಬಾರಿಸುತ್ತ ಮುಂದೆ ನಡೆದವರು ನಾವು. ಊಟಕ್ಕೆ ಮಾತ್ರ ದೂರ ಕುಳಿತವರು. ಅಂದು ಸಾಹೇಬರು ಒಬ್ಬೊಬ್ಬರ ಕೈಕುಲುಕಿ, "ಇವತ್ತಿನಿಂದ ನೀವು ಸದ್ದುಪಡೆಯ ಸೈನಿಕರು" ಎಂದರು. ಕಾಶವ್ವ ನನ್ನ ಕಡೆ ತಿರುಗಿ, "ಯಣ್ಣಾ, ವರ್ಷ ಆತು ಕೈ ಕಡಿಯಾಕ ಹತ್ತಿ. ಅಲ್ಲೆರ ಮನಸಾರೆ ಬಾರಿಸಿ ಬರ್ತೀನಿ" ಎಂದಳು. ಅವಳಿಗೆ ಹಲಗೆ ಕಲಿಸಿದವನು ನಾನು. ನನಗಿಂತ ಅವಳೇ ಮೇಲು ಎಂದು ಊರವರು ಹೇಳುವುದು ಹೊಟ್ಟೆಕಿಚ್ಚಿಗೆ. ನನ್ನ ಎಡಗೈ ಮುರಿದಿತ್ತು. ಇಲ್ಲದಿದ್ದರೆ ನಾನೂ ಹೋಗಿ ಯುದ್ಧವನ್ನು ಒಂದು ವರ್ಷ ಮೊದಲೇ ಮುಗಿಸಿಬಿಡುತ್ತಿದ್ದೆ.

ಅವಳನ್ನು ಕಳಿಸಿದ್ದು ಹಿಮ ಬೀಳುವ ಯಾವುದೋ ಕಣಿವೆಗೆ. ತಂಡಿಗೆ ಹಲಗೆಯ ಚರ್ಮ ಸಡಿಲಾಗುತ್ತದೆ, ಬೆಂಕಿಗೆ ಹಿಡಿದು ಕಾಯಿಸಿದರೇ ನುಡಿಯುತ್ತದೆ. ಕಾಶವ್ವ ಗುಡ್ಡದ ನೆತ್ತಿಯಲ್ಲಿ ಬೆಂಕಿ ಹಾಕಿ, ಹಲಗೆ ಕಾಯಿಸಿ ಬಾರಿಸಿದಳು. ಕೆಳಗೆ ನಮ್ಮ ಹುಡುಗರು ಉಸಿರು ಬಿಗಿಹಿಡಿದು ಕಣಿವೆ ದಾಟಿದರು. ಹಕ್ಕಿಗಳೆಲ್ಲ ಗುಡ್ಡಕ್ಕೆ ಎರಗಿದವು. ಹಾಗೆ ದಾಟಿದವರಲ್ಲೊಬ್ಬ, ಪಕ್ಕದೂರಿನ ಹವಾಲ್ದಾರ ಫಕೀರಸಾಬ, ನಮ್ಮ ಮನೆಗೆ ಬಂದು ದುರುಗವ್ವನ ಮುಂದೆ ಕುಳಿತು ಹೇಳಿದ: "ಅವರ ಹಲಗಿ ಕೇಳಿಕೋತನ ನಡದ್ವಿ ತಂಗಿ. ಆಚಿ ಮುಟ್ಟೂದ್ರಾಗ ನಿಂತು ಹೋತು. ತಿರುಗಿ ನೋಡೂ ಧೈರ್ಯ ಯಾರಿಗೂ ಆಗಲಿಲ್ಲ."

ಆ ಕಾಶವ್ವನ ಹೆಸರಿನಲ್ಲಿ ಎರಡು ನಿಮಿಷ ಮೌನವಂತೆ! ಸದ್ದು ಮಾಡಿ ಸತ್ತವಳಿಗೆ ಮೌನ! ನಮ್ಮ ಬಾಯಿ ಬಿಡಿಸಲು ಹೋದವಳ ಎದುರಿಗೇ ನಮ್ಮ ಬಾಯಿ ಮುಚ್ಚಿಸುವುದೇ? ಸತ್ತವರ ನೆನಪಿನ ಕಲ್ಲು ನಿಲ್ಲಿಸುವ ದಿನ ಅವ್ವನ ಹಳೆಯ ಹಲಗೆ ಬಾರಿಸುತ್ತೇನೆ ಎಂದು ದುರುಗವ್ವ ಕಚೇರಿಗೆ ಹೋಗಿ ಕೇಳಿದಳು. ಅಲ್ಲಿನ ದೊಡ್ಡ ಸಾಹೇಬರು, "ನೋಡಮ್ಮ, ಅವರು ಯೋಧರನ್ನು ರಂಜಿಸಲು ಹೋದ ಕಲಾವಿದರು. ಗಂಭೀರ ಸಮಾರಂಭಕ್ಕೆ ಹಲಗೆ ಶೋಭಿಸುವುದಿಲ್ಲ" ಎಂದರು. ರಂಜಿಸಲು! ಕಿವಿಹಕ್ಕಿಗಳೇನು ಟಿಕೇಟು ತೆಗೆದುಕೊಂಡು ಬಂದಿದ್ದವೇ?

ಇಂದು ಬೆಳಿಗ್ಗೆ ನಾನು ವೇದಿಕೆಯ ಹಿಂದೆ, ಚಹಾಕ್ಕೆ ಎಂದು ಹೇಳಿ, ಬೆಂಕಿ ಹಾಕಿದೆ. ದೊಡ್ಡ ಸಾಹೇಬರು ದುರುಗವ್ವನಿಗೆ ಶಾಲು ಹೊದಿಸಿ, ತಲೆ ತಗ್ಗಿಸಿ, ಮೌನ ಎಂದರು. ನಾನು ಬೆಂಕಿಗೆ ಕಾಯಿಸಿದ ಹಲಗೆಯನ್ನು ಅವಳ ಕೈಗಿತ್ತೆ. ಶಾಲು ಕೆಳಗೆ ಬಿತ್ತು. ಮೊದಲ ಪೆಟ್ಟು ಬಿತ್ತು. ಇಡೀ ಮೈದಾನ ನೆಲಕ್ಕೆ ಬಿದ್ದಿತು. ಮೂರು ವರ್ಷದ ರೂಢಿ ನೋಡಿ! ದೊಡ್ಡ ಸಾಹೇಬರು ಕುರ್ಚಿಯ ಕೆಳಗೆ ತೂರಿದರು. ಜಂಬ ಕೊಚ್ಚಿದವನು ಸುಳ್ಳಾಡಬಾರದು, ನಾನೂ ಬಿದ್ದೆ. ಎಲ್ಲರೂ ಆಕಾಶ ನೋಡಿದೆವು. ಏನೂ ಬರಲಿಲ್ಲ. ದುರುಗವ್ವ ಬಾರಿಸುತ್ತಲೇ ಇದ್ದಳು. ಬೀಳದೆ ನಿಂತವನು ಒಬ್ಬನೇ, ಫಕೀರಸಾಬ. ಅವನು ಉಸಿರು ಬಿಗಿಹಿಡಿದು, ಒಂದೊಂದೇ ಹೆಜ್ಜೆ ಎತ್ತಿಡುತ್ತ, ಆ ಪೆಟ್ಟಿಗೆ ಸರಿಯಾಗಿ ಮೈದಾನದ ಈ ತುದಿಯಿಂದ ಆ ತುದಿಗೆ ನಡೆದ. ತುದಿ ಮುಟ್ಟಿದ ಮೇಲೆ ಅವನು ತಿರುಗಿ ನೋಡಿದ. ಹಲಗೆ ಇನ್ನೂ ನುಡಿಯುತ್ತಿತ್ತು.

ಆಮೇಲೆ ಪೊಲೀಸರು ಬಂದರು. ತಪ್ಪೆಲ್ಲ ನನ್ನದೇ ಎಂದು ನಾನು ಜೀಪು ಹತ್ತಿದೆ. ಇಷ್ಟು ದೊಡ್ಡ ತಪ್ಪಿನ ಹೆಸರು ಇನ್ನೊಬ್ಬರಿಗೆ ಹೋಗುವುದು ನನಗೆ ಸರಿಬರಲಿಲ್ಲ. ಈಗ ತಾನೇ ಇನ್‌ಸ್ಪೆಕ್ಟರ್ ಬಗ್ಗಿ ನೋಡಿ, "ಏನಪಾ ಯಮನಪ್ಪ, ಬರದು ಮುಗೀತೇನು?" ಎಂದರು. "ಇನ್ನೊಂದು ಹಾಳಿ ಕೊಡ್ರಿ ಸಾಹೇಬ್ರ, ತಪ್ಪು ಭಾಳ ಅದಾವ" ಎಂದೆ.

ನಿಮ್ಮಲ್ಲಿ ನನ್ನ ಬೇಡಿಕೆ ಒಂದೇ. ನಿಮ್ಮ ಕಾಲದಲ್ಲೂ ಆ ಕಲ್ಲಿನ ಮುಂದೆ ಯಾರಾದರೂ ತುಟಿಗೆ ಬೆರಳಿಟ್ಟು ಸುಮ್ಮನಿರಿ ಎಂದರೆ, ಸುಮ್ಮನಿರಬೇಡಿ. ಕಾಶವ್ವನ ಹೆಸರು ಹೇಳಿ ಬಾರಿಸಿ. ಚರ್ಮವನ್ನು ಮಾತ್ರ ಚೆನ್ನಾಗಿ ಕಾಯಿಸಿಕೊಳ್ಳಿ. ಹಸಿ ಹಲಗೆ ಬಾರಿಸಿ ನನ್ನ ಮಾನ ಕಳೆಯಬೇಡಿ.

ಇಲ್ಲಿಗೆ ನಿಲ್ಲಿಸುತ್ತೇನೆ. ಠಾಣೆಯ ಎದುರಿನ ಬೇವಿನ ಮರದ ಕೆಳಗೆ ದುರುಗವ್ವ ಬಂದು ಬೆಂಕಿ ಹಾಕುತ್ತಿದ್ದಾಳೆ. ಫಕೀರಸಾಬ ಕಟ್ಟಿಗೆ ಮುರಿದು ಕೊಡುತ್ತಿದ್ದಾನೆ. ಇನ್‌ಸ್ಪೆಕ್ಟರ್ ಸಾಹೇಬರು ಅದು ಚಹಾಕ್ಕೆ ಎಂದುಕೊಂಡಿದ್ದಾರೆ.

ನಿಮ್ಮ ಮಾವ,
ಯಮನಪ್ಪ