ತಾಯಿಯ ಪಾತ್ರಕ್ಕೆ ಬಂದ ಬಹುಮಾನ

ಫೆಬ್ರವರಿ ೧೬, ಭಾನುವಾರ
ಗಡಿಯಾರದಂಗಡಿಯ ಹಿಂದಿನ ಮನೆಯಿಂದ

ನನ್ನ ಮುದ್ದಿನ ಸೊಸೆಗೆ,

ಹೇಗಿದ್ದೀಯ ಮಗಳೇ? ಸೊಂಟನೋವು ಕಡಿಮೆಯಾಯಿತೇ? ಊರಿಗೆಲ್ಲ ಮಾತ್ರೆ ಕೊಡುವ ನರ್ಸಮ್ಮನಿಗೆ ತನ್ನ ಸೊಂಟ ನೋಡಿಕೊಳ್ಳಲು ಪುರುಸೊತ್ತಿಲ್ಲ ಅಂದರೆ ಕೇಳಿದವರು ನಕ್ಕಾರು. ನಾವಿಲ್ಲಿ ಗಟ್ಟಿಮುಟ್ಟಾಗಿದ್ದೇವೆ. ನಿನ್ನ ಗಂಡ ಎಂದಿನಂತೆ ಯಾರದೋ ಕೈಗಡಿಯಾರದ ಹೊಟ್ಟೆ ಬಗೆದು ಕೂತಿದ್ದಾನೆ. ಭಾನುವಾರವಾದರೂ ಬಿಡೋ ಅಂದರೆ, ‘ಗಡಿಯಾರಕ್ಕೆ ಭಾನುವಾರ ಉಂಟೇನಮ್ಮಾ’ ಅನ್ನುತ್ತಾನೆ. ಅವನ ಹತ್ತಿರ ವಾದ ಮಾಡಿ ಗೆದ್ದವರಿಲ್ಲ.

ಇನ್ನು ನೀನು ಕೇಳಿದ ವಿಷಯ. ಆಸ್ಪತ್ರೆಯವರು ನಿನ್ನನ್ನು ಮಕ್ಕಳ ವಾರ್ಡಿಗೆ ಮುಖ್ಯಸ್ಥೆ ಮಾಡುತ್ತಾರೆ, ತಿಂಗಳ ಕೊನೆಯೊಳಗೆ ಸಹಿ ಹಾಕಿ ಒಪ್ಪಿಗೆ ಕೊಡಬೇಕು ಅಂದೆಯಲ್ಲ, ಬೀದಿಯವರಿಗೆಲ್ಲ ಹೇಳಿಕೊಂಡು ಬೀಗಿದ್ದೇನೆ. ಆದರೆ ‘ನೀವೆಲ್ಲ ಇಲ್ಲಿಗೇ ಬಂದ್ಬಿಡಿ ಅತ್ತೆ’ ಅನ್ನುತ್ತೀಯಲ್ಲ, ಅದೊಂದು ಬೇಡ. ನಿನ್ನ ಗಂಡನನ್ನು ಕೇಳಿದರೆ ‘ಅಮ್ಮ ಹೇಗಂದ್ರೆ ಹಾಗೆ’ ಎಂದು ಜಾರಿಕೊಳ್ಳುತ್ತಾನೆ. ಅಮ್ಮ ಅನ್ನುವುದಿಷ್ಟೇ: ಈ ವಯಸ್ಸಿನಲ್ಲಿ ಬೇರೆ ಊರಿನ ನೀರು ನನಗೆ ಒಗ್ಗುವುದಿಲ್ಲ. ಇಲ್ಲಾದರೆ ಸಂಜೆ ಬೆಂಚಿನ ಮೇಲೆ ಕೂತು ಊರನ್ನೆಲ್ಲ ಆಡಿಕೊಳ್ಳಲು ಗೆಳತಿಯರಿದ್ದಾರೆ. ಇನ್ನೆರಡು ವರ್ಷ ಈಗಿನಂತೆಯೇ ನಡೆದರೆ ಯಾರ ಗಂಟೇನು ಹೋಗುತ್ತದೆ? ಎಲ್ಲಕ್ಕಿಂತ ಮುಖ್ಯ, ನಿನ್ನ ಮಗರಾಯನ ಶಾಲೆ. ಇಂಥ ಶಾಲೆ ಬಿಡಿಸಬಾರದು ಎಂದು ನಿನಗೂ ಮನದಟ್ಟಾಗಲಿ ಅಂತಲೇ, ಆ ಹುಡುಗರು ಈ ವರ್ಷ ಏನೇನು ಕಡಿದು ಕಟ್ಟೆ ಹಾಕಿದ್ದಾರೆ ಎಂದು ಬರೆಯಲು ಕೂತಿದ್ದೇನೆ.

ನಿನ್ನೆ ಶಾಲೆಯ ವಾರ್ಷಿಕೋತ್ಸವ. ಈ ವರ್ಷ ರಿಲೇ ಓಟದಲ್ಲಿ ನಮ್ಮ ಹುಡುಗರೇ ಜಿಲ್ಲೆಗೆಲ್ಲ ಮೊದಲು ಬಂದಿದ್ದಾರೆ. ನಿನ್ನ ಮಗನ ಜೊತೆ ಮನೆಗೆ ಬಂದು ಡಬ್ಬಿಗಳನ್ನೆಲ್ಲ ಖಾಲಿ ಮಾಡುವ ಆ ಉದ್ದ ಕಾಲಿನ ಹುಡುಗ, ‘ಕೊಕ್ಕರೆ’, ಅವನೇ ಕೊನೆಯ ಸುತ್ತು ಓಡಿದವನು. ತಿಂದದ್ದು ಎಲ್ಲಿಗೆ ಹೋಗುತ್ತದೆ ಎಂದು ಈಗ ಗೊತ್ತಾಯಿತು. ವಿಜ್ಞಾನದ ಕೋಣೆಯಲ್ಲಿ ಸೈಕಲ್ ತುಳಿದರೆ ನೀರು ಮೇಲೇರುವ ಯಂತ್ರ ಮಾಡಿಟ್ಟಿದ್ದರು. ಮುಖ್ಯ ಅತಿಥಿಗಳು ಬಗ್ಗಿ ‘ಇದು ಹೇಗಪ್ಪಾ ಕೆಲಸ ಮಾಡತ್ತೆ?’ ಎಂದು ಕೇಳಿದ್ದೇ ತಡ, ಸೈಕಲ್ ಮೇಲಿದ್ದ ಹುಡುಗ ಉತ್ಸಾಹದಿಂದ ಪೆಡಲ್ ತುಳಿದ. ಕೊಳವೆಯ ಬಾಯಿ ಎತ್ತ ತಿರುಗಿದೆ ಎಂದು ಯಾರೂ ನೋಡಿರಲಿಲ್ಲ. ಪುಣ್ಯಾತ್ಮರು, ಮುಖ ಒರೆಸಿಕೊಳ್ಳುತ್ತಲೇ ಮೊದಲ ಬಹುಮಾನ ಕೊಟ್ಟರು. ಹಾಡಿನ ತಂಡದ ಅರ್ಧ ಹುಡುಗರಿಗೆ ಗಂಟಲು ಒಡೆಯುವ ವಯಸ್ಸು. ಒಂದೇ ಸಾಲಿನಲ್ಲಿ ಮಗುವೂ ಹಾಡಿತು, ಮುದುಕನೂ ಹಾಡಿದ. ಆದರೂ ಕಣ್ಣು ಮುಚ್ಚಿಕೊಂಡು, ಮನಸ್ಸಿಟ್ಟು ಹಾಡಿದವು, ಪಾಪ.

ಕೊನೆಗೆ ನಾಟಕ. ಬರೀ ಗಂಡು ಹುಡುಗರ ಶಾಲೆ, ತಾಯಿಯ ಪಾತ್ರಕ್ಕೆ ಯಾರನ್ನು ತರುವುದು? ದನಿ ಇನ್ನೂ ಒಡೆಯದವನು ಎಂದು ನಿನ್ನ ಮಗರಾಯನನ್ನೇ ಹಿಡಿದರು. ಮೊದಮೊದಲು ಮುಖ ಊದಿಸಿಕೊಂಡು ಓಡಾಡಿದ. ಚರಿತ್ರೆಯ ಮೇಷ್ಟ್ರೇ ನಾಟಕದ ಮೇಷ್ಟ್ರು. ಅವರು ‘ನಟನೆ ಗಿಟನೆ ಏನೂ ಬೇಡ, ನಿಮ್ಮಮ್ಮ ಹೇಗಿರ್ತಾರೋ ಹಾಗೇ ಇರು’ ಅಂದರಂತೆ. ಆಮೇಲೆ ಹುರುಪು ಬಂತು. ನಾಟಕದಲ್ಲಿ ಹಡಗಿನ ಕೆಲಸಕ್ಕೆ ಹೋದ ಮಗ ಎಷ್ಟೋ ವರ್ಷದ ಮೇಲೆ ಮನೆಗೆ ಬರುತ್ತಾನೆ. ತಾಯಿ ಬಾಗಿಲು ತೆಗೆದು ‘ಬಂದೆಯಾ ಕಂದಾ, ಈ ಬಾಗಿಲಿಗೆ ನಾನು ಒಂದು ದಿನವೂ ಅಗಳಿ ಹಾಕಲಿಲ್ಲ’ ಎಂದು ಅಪ್ಪಿಕೊಳ್ಳಬೇಕು. ಮನೆಯಲ್ಲಿ ಅದನ್ನು ಎಷ್ಟು ಸಲ ಹೇಳಿದ್ದನೆಂದರೆ ನನಗೇ ಬಾಯಿಪಾಠವಾಗಿತ್ತು. ನನ್ನ ಶಾಲು ಹೊದ್ದು, ತಲೆಗೆ ನರೆ ಬಳಿದುಕೊಂಡು ಬಂದ. ಬಾಗಿಲು ತೆಗೆದ. ಬಾಯಿ ತೆರೆದ. ಮಾತು ಮರೆತುಹೋಯಿತು.

ಇವನು ಮಗನ ವೇಷದಲ್ಲಿ ಎದುರಿಗಿದ್ದ ಕೊಕ್ಕರೆಯನ್ನೇ ನೋಡುತ್ತಾ ನಿಂತ. ಆಮೇಲೆ ಅವನ ಕೈ ತಾನಾಗಿಯೇ ಕಿವಿಯ ಹತ್ತಿರ ಹೋಯಿತು ಮಗಳೇ. ‘ಹಲೋ, ಊಟ ಆಯ್ತಾ ಮರಿ? ಓದ್ಕೊಂಡ್ಯಾ? ಅಜ್ಜಿ ಮಾತ್ರೆ ತಗೊಂಡ್ರಾ? ಹೂಂ ಹೂಂ, ಯಾರೋ ಕರೀತಿದಾರೆ, ಇಡ್ಲಾ?’ ಎಂದವನೇ ತಿರುಗಿ ಸರಸರ ಒಳಗೆ ನಡೆದುಬಿಟ್ಟ. ಅದೇ ನಿನ್ನ ದನಿ, ಅದೇ ಅವಸರ. ಕೊಕ್ಕರೆ ಪೆಟ್ಟಿಗೆ ಹಿಡಿದು ಬಾಗಿಲಲ್ಲೇ ಪೆಚ್ಚಾಗಿ ನಿಂತಿದ್ದ. ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಬೇಕೆಂದೇ ಹಾಗೆ ಮಾಡಿದ್ದಾರೆ ಎಂದುಕೊಂಡ ತೀರ್ಪುಗಾರರು ಹಾಸ್ಯನಟನೆಯ ಬಹುಮಾನವನ್ನು ಅವನಿಗೇ ಕೊಟ್ಟರು. ನನಗೂ ಮೊದಲು ನಗು ಬಂತು, ಅರ್ಧಕ್ಕೇ ನಿಂತಿತು. ಪಕ್ಕಕ್ಕೆ ನೋಡಿದರೆ ನಿನ್ನ ಗಂಡ, ಕಟ್ಟಿಯೇ ಇದ್ದ ಶೂ ಲೇಸನ್ನು ಮತ್ತೆ ಕಟ್ಟಲು ಬಗ್ಗಿದವನು ಪರದೆ ಬೀಳುವವರೆಗೂ ತಲೆ ಎತ್ತಲಿಲ್ಲ.

ಇದನ್ನೋದಿ ನೀನು ಅಳಬೇಡ. ಡ್ಯೂಟಿಯ ನಡುವೆ ಕದ್ದು ಫೋನ್ ಮಾಡುವವಳು ನೀನು. ಆ ಎರಡು ನಿಮಿಷ ಹೊಂಚಲು ಎಷ್ಟು ಒದ್ದಾಡುತ್ತೀಯೆಂದು ನನಗೆ ಗೊತ್ತಿಲ್ಲವೇ? ಹುಡುಗನಂತೂ ಖುಷಿಯಲ್ಲಿದ್ದಾನೆ. ಬಹುಮಾನದ ಬಟ್ಟಲನ್ನು ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಬಂದ ಗಿರಾಕಿಗಳಿಗೆಲ್ಲ ತೋರಿಸುತ್ತಿದ್ದಾನೆ. ಒಟ್ಟಿನಲ್ಲಿ ಶಾಲೆ ಒಳ್ಳೆಯದು, ಮೇಷ್ಟ್ರುಗಳು ಒಳ್ಳೆಯವರು. ಯೋಚನೆ ಮಾಡು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಕೈಯಲ್ಲಿ ವಾಸಿಯಾದ ಮಕ್ಕಳ ತಾಯಂದಿರ ಹಾರೈಕೆಯೆಲ್ಲ ನಿನಗಿರಲಿ. ಅದರ ಜೊತೆ ನನ್ನದೂ ಒಂದು ಹಿಡಿ.

ನಿನ್ನ
ಅತ್ತೆ

ತಾ.ಕ.: ಲಕೋಟೆ ಅಂಟಿಸುವ ಹೊತ್ತಿಗೆ ಮಗರಾಯ ಬಂದು ಪಕ್ಕದಲ್ಲಿ ಕೂತ. ‘ಎಲ್ರೂ ಅಷ್ಟು ನಕ್ರು, ಅಪ್ಪ ಯಾಕಜ್ಜಿ ನಗ್ಲಿಲ್ಲ? ನಾನು ಅಮ್ಮನ ಥರಾನೇ ಮಾಡಿದೆ ತಾನೆ?’ ಎಂದು ಕೇಳಿದ. ಮೇಲೆ ಬರೆದದ್ದನ್ನೆಲ್ಲ ಹರಿದುಹಾಕಿ ಹೊಸದಾಗಿ ಬರೆಯಲು ಕೂತರೆ ನಾಳೆ ಬೆಳಗಿನ ಅಂಚೆ ತಪ್ಪುತ್ತದೆ, ಅದಕ್ಕೆ ಇಲ್ಲೇ ಬರೆಯುತ್ತಿದ್ದೇನೆ. ನಿನ್ನ ಗಂಡನನ್ನು ಕರೆದು ‘ಅಲ್ಲಿಗೇ ಹೋಗೋಣವೇನೋ’ ಎಂದು ಕೇಳಿದೆ. ‘ಗಡಿಯಾರ ಎಲ್ಲ ಊರಲ್ಲೂ ಕೆಡುತ್ತೆ’ ಅಂದ. ನೀನು ಸಹಿ ಹಾಕು ಮಗಳೇ. ಹಾಕಿದ ಮೇಲೆ ಅಲ್ಲೊಂದು ಮನೆ ಹುಡುಕು, ನಾಲ್ಕು ಜನ ಹಿಡಿಸುವಂಥದ್ದು. ನಾನೂ ಬರುತ್ತೇನೆ.