ಹತ್ತೊಂಬತ್ತನೇ ನಂಬರ್ ಬಸ್ಸಿನ ಮೇಡಂ

ಮನೆ
ಜುಲೈ ೮, ಮಂಗಳವಾರ

ಮಹಾರಾಯ,

ಆಶೀರ್ವಾದದಿಂದ ಶುರು ಮಾಡೋಣ ಅಂದುಕೊಂಡೆ, ಕೈ ಬರಲಿಲ್ಲ. ನೀನು ಚೀಲ ಕಟ್ಟಿಕೊಂಡು ಅಪ್ಪನ ಮನೆ ಸೇರಿ ಇವತ್ತಿಗೆ ಹದಿನೈದು ದಿನ. ಫೋನ್ ಮಾಡಿದರೆ ಎತ್ತುವುದಿಲ್ಲ. ಕೊನೆಗೆ ಇವತ್ತು ಅಂಚೆಯಲ್ಲಿ ಏನೋ ಬಂತೆಂದು ಓಡಿಹೋಗಿ ಒಡೆದರೆ ಶಾಲೆ ಬದಲಾಯಿಸುವ ಅರ್ಜಿ! ತಾಯಿಯ ಸಹಿ ಎಂಬಲ್ಲಿ ಪೆನ್ಸಿಲಿನಲ್ಲಿ ಒಂದು ಗುಣಿಸು ಗುರುತು. ಜೊತೆಗೆ ಒಂದು ಸಾಲಿನ ಚೀಟಿಯೂ ಇಲ್ಲ. ಆ ಗುರುತನ್ನೇ ನಿನ್ನ ಪತ್ರ ಎಂದುಕೊಂಡು ಉತ್ತರ ಬರೆಯುತ್ತಿದ್ದೇನೆ.

ನಿನ್ನ ಸಿಟ್ಟು ಯಾತಕ್ಕೆಂದು ನನಗೆ ಗೊತ್ತು. ತುಂಬಿದ ಬಸ್ಸಿನಲ್ಲಿ ಹೆತ್ತ ತಾಯಿಯೇ ಟಿಕೆಟ್ ಕೇಳಿದಳು, ದಂಡ ಹಾಕಿದಳು, ಮುಂದಿನ ಸ್ಟಾಪಿನಲ್ಲಿ ಇಳಿಸಿದಳು. ಹಾಗಾದರೆ ನಾನೇನು ಮಾಡಬೇಕಿತ್ತು? ನಾನು ಮುಂದಿನ ಬಾಗಿಲಿನಿಂದ ಹತ್ತಿದರೆ ಹಿಂದಿನ ಬಾಗಿಲಿನಿಂದ ನನ್ನ ಜೊತೆಯವಳು, ಆ ದಪ್ಪ ಕನ್ನಡಕದವಳು, ಹತ್ತಿದ್ದಳು. ಚೆಕಿಂಗಿನವರು ತಮ್ಮ ಮನೆಯವರನ್ನು ಬಿಟ್ಟುಬಿಟ್ಟರೆ ಕೆಲಸವೇ ಹೋಗುತ್ತದೆ, ಅದು ನಿನಗೂ ಗೊತ್ತು. ಹನ್ನೊಂದು ವರ್ಷದಲ್ಲಿ ನನ್ನ ಮೇಲೆ ಒಂದು ದೂರಿಲ್ಲ. ಕೈ ಚಾಚಿದಾಗ ನೀನು ತಮಾಷೆ ಎಂದುಕೊಂಡು ನಕ್ಕೆ. ಆಮೇಲೆ ಮೆತ್ತಗೆ, "ಪಾಸ್ ನೀನೇ ತರಬೇಕಿತ್ತಲ್ಲಮ್ಮ" ಅಂದೆ. ಅಷ್ಟರಲ್ಲಿ ಕನ್ನಡಕದವಳು ಪಕ್ಕಕ್ಕೆ ಬಂದು ನಿಂತಿದ್ದಳು. ರಸೀದಿ ತೆಗೆದು, ಬರೆಯುವ ಅಭ್ಯಾಸದಲ್ಲಿ, "ಹೆಸರೇನು?" ಎಂದು ಕೇಳಿಬಿಟ್ಟೆ.

"ನೀವೇ ಇಟ್ಟಿದ್ದು, ಮೇಡಂ" ಅಂದೆ ನೀನು.

ಇಡೀ ಬಸ್ಸು ಗೊಳ್ಳೆಂದಿತು. ಹದಿನಾರು ವರ್ಷದಲ್ಲಿ ನೀನು ನನಗೆ 'ನೀವು' ಅಂದದ್ದು ಅದೇ ಮೊದಲು. ಆ ದಂಡ ಹಾಕಿದವಳೂ ನಾನೇ, ಕಟ್ಟಿದವಳೂ ನಾನೇ. ಬಿಸಿಲಲ್ಲಿ ಇಳಿದು ಹಿಂದಿರುಗಿ ನೋಡದೆ ನಡೆದೆಯಲ್ಲ, ನಿನ್ನ ಕುತ್ತಿಗೆ ಥೇಟ್ ನಿಮ್ಮಪ್ಪನದೇ. ಮನೆಗೆ ಬಂದ ಮೇಲೂ ಬಿಟ್ಟೆಯಾ? "ಮೇಡಂ, ಸ್ನಾನಕ್ಕೆ ನೀರು ಬಿಸಿ ಇದೆಯಾ?" "ಮೇಡಂ, ಟವೆಲ್ ಎಲ್ಲಿ?" ಎರಡು ದಿನ ಗೋಳು ಹೊಯ್ದುಕೊಂಡು ಸೋಮವಾರ ಹೊರಟೇ ಹೋದೆ.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಆ ಶನಿವಾರ ನನಗೆ ನಿಮ್ಮಪ್ಪನ ಅಂಗಡಿ ಕಡೆ ಹೋಗುವ ಹತ್ತೊಂಬತ್ತನೇ ನಂಬರಿನ ಡ್ಯೂಟಿ ಇರಲಿಲ್ಲ. ಮಾರುಕಟ್ಟೆ ಕಡೆಯ ಬಸ್ಸುಗಳಿದ್ದವು. ಪಟ್ಟಿ ಹಾಕುವವನ ಕೈಕಾಲು ಹಿಡಿದು ಬದಲಾಯಿಸಿಕೊಂಡೆ. ನೀನು ಲೈಬ್ರರಿಗೆ ಹೋಗುತ್ತೇನೆ ಅಂದಿದ್ದೆ. ಲೈಬ್ರರಿಯಲ್ಲಿ ಓದಿ ಬಂದ ಹುಡುಗನ ಬಲಗಣ್ಣಿನ ಸುತ್ತ ಉಂಗುರದಂಥ ಗುರುತು ಮೂಡುತ್ತದೆಯೇ? ವಾಚ್ ರಿಪೇರಿಯ ಭೂತಗನ್ನಡಿಯನ್ನು ಗಂಟೆಗಟ್ಟಲೆ ಕಣ್ಣಿಗೆ ಸಿಕ್ಕಿಸಿಕೊಂಡರೆ ಬೀಳುವ ಗುರುತು ಅದು. ಅಂಥದೇ ಗುರುತಿನ ನಿಮ್ಮಪ್ಪನ ಕಣ್ಣಿನ ಜೊತೆ ಹತ್ತು ವರ್ಷ ಸಂಸಾರ ಮಾಡಿದ್ದೇನಪ್ಪ, ನನಗೆ ತಿಳಿಯದೇ? ಊರಿನ ಗಡಿಯಾರಗಳನ್ನೆಲ್ಲ ರಿಪೇರಿ ಮಾಡಿ ತಾನು ಮಾತ್ರ ಹೇಳಿದ ಹೊತ್ತಿಗೆ ಒಂದು ದಿನವೂ ಮನೆಗೆ ಬಾರದ ಮನುಷ್ಯ. ನಿನಗೆ ಜ್ವರ ಬಂದಾಗ, ಹಲ್ಲು ಮುರಿದಾಗ, ಲೆಕ್ಕದಲ್ಲಿ ಫೇಲಾದಾಗ ಇದ್ದವಳು ನಾನು. ಈಗ ಅವರ ಮೇಜಿನ ಪಕ್ಕ ಸ್ಟೂಲು ಹಾಕಿಕೊಂಡು ಕೂರುವವನು ನೀನು. ಹೊಟ್ಟೆ ಉರಿಯಿತು, ಅಷ್ಟೇ. ಅದನ್ನು ಮುಚ್ಚಿಟ್ಟು ಏನಾಗಬೇಕಾಗಿದೆ.

ಇನ್ನು ಪಾಸಿನ ವಿಷಯ. ಅದರಲ್ಲಿ ನನ್ನ ತಪ್ಪಿಲ್ಲ. ನೌಕರರ ಮಕ್ಕಳ ಪಾಸ್ ಪ್ರತಿ ಜೂನಿನಲ್ಲಿ ಹೊಸದಾಗಬೇಕು, ಅದಕ್ಕೆ ಆ ಗುಮಾಸ್ತನ ಮುದ್ರೆ ಬೀಳಬೇಕು. ಅವನೋ, ಕುರ್ಚಿಯಿಂದ ಎದ್ದರೆ ಕುರ್ಚಿಗೇ ಆಶ್ಚರ್ಯವಾಗುತ್ತದೆ. ಇವತ್ತು ಬಾ, ನಾಳೆ ಬಾ ಎನ್ನುತ್ತ ನನ್ನನ್ನು ಅಲೆಸಿದ. ಅದಕ್ಕೇ ನಿನಗೆ ಪಾಸ್ ಬರುವವರೆಗೆ ಬಸ್ ಹತ್ತಬೇಡ, ತಾಳು ಎಂದು ಹೇಳಿದ್ದು. ನೀನು ತಾಳಲಿಲ್ಲ.

ಅರ್ಜಿಗೆ ಸಹಿ ಮಾಡಿಲ್ಲ. ಸೋಮವಾರ ಕೊನೆಯ ದಿನ ಎಂದು ಅದರಲ್ಲೇ ಅಚ್ಚಾಗಿದೆ. ಶನಿವಾರ ನನಗೆ ರಜ. ಬಂದು, ನನ್ನ ಎದುರಿಗೆ ನಿಂತು, ನಿನಗೆ ಅಮ್ಮ ಬೇಡ ಎಂದು ಬಾಯಿಬಿಟ್ಟು ಹೇಳು. ಆಗ ಮಾಡುತ್ತೇನೆ. ಪೆನ್ಸಿಲ್ ಗುರುತಿಗೆಲ್ಲ ಮಗನನ್ನು ಬಿಟ್ಟುಕೊಡುವವಳಲ್ಲ ನಾನು.

ಇನ್ನೂ ನಿನ್ನ ತಾಯಿಯೇ ಆಗಿರುವ,
ಅಮ್ಮ

ತಾ.ಕ.: ನಿನ್ನೆಯೂ ನಿನ್ನ ಪಾಸಿಗಾಗಿ ಆಫೀಸಿಗೆ ಹೋಗಿ ಜಗಳವಾಡಿ ಬಂದೆ. ಇನ್ನೂ ಆಗಿಲ್ಲವಂತೆ.


ಜುಲೈ ೧೦, ಗುರುವಾರ

ಅಮ್ಮ,

ನಿನ್ನ ಕಾಗದ ಬಂತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಎರಡು ಸಲ ಓದಿದೆ.

ದಂಡ ಹಾಕಿದ್ದಕ್ಕೆ ನಾನು ಮನೆ ಬಿಡಲಿಲ್ಲ. ಆ ದಿನ ಅವಮಾನ ಆಯಿತು, ನಿಜ. ಆದರೆ ನಡೆದುಕೊಂಡು ಬರುವಾಗಲೇ ನಗು ಬರಲು ಶುರುವಾಗಿತ್ತು, ಸ್ನೇಹಿತರಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತಿದ್ದೆ. ಮೇಡಂ ಅಂದದ್ದೂ ರೇಗಿಸುವುದಕ್ಕೆ. ನೀನು ಒಂದು ಸಲ ನಕ್ಕಿದ್ದರೆ ನಿಲ್ಲಿಸುತ್ತಿದ್ದೆ.

ಮನೆ ಬಿಟ್ಟ ಆ ಸೋಮವಾರವೇ ಶಾಲೆ ಮುಗಿದ ಮೇಲೆ ನಿಮ್ಮ ಆಫೀಸಿಗೆ ಹೋಗಿದ್ದೆ. ನಿನ್ನ ಪರವಾಗಿ ಜಗಳವಾಡಲು. ನಮ್ಮಮ್ಮನನ್ನು ಇಷ್ಟು ದಿನ ಯಾಕೆ ಅಲೆಸುತ್ತೀರಿ ಎಂದು ಗುಮಾಸ್ತರ ಮೇಲೆ ಕೂಗಾಡಿದೆ, ಎಲ್ಲರೂ ತಲೆ ಎತ್ತಿ ನೋಡಿದರು. ಅವರು ರಿಜಿಸ್ಟರ್ ತೆಗೆದು ನನ್ನ ಕಡೆಗೆ ತಿರುಗಿಸಿದರು. ಜೂನ್ ಎರಡನೇ ತಾರೀಕು, ಪಾಸ್ ತಲುಪಿದೆ ಎಂದು ನಿನ್ನ ಸಹಿ. ಆಮೇಲೆ ನನಗೆ ಕುಡಿಯಲು ನೀರು ಕೊಟ್ಟು, "ಕೂತ್ಕೋ ಮರಿ" ಅಂದರು.

ಅಂದರೆ ಬಸ್ಸಿನಲ್ಲಿ ನನ್ನ ಹೆಸರು ಕೇಳುವಾಗ ಪಾಸ್ ಬಂದು ಮೂರು ವಾರ ಆಗುತ್ತ ಬಂದಿತ್ತು. ನಾನು ಅಪ್ಪನ ಹತ್ತಿರ ಹೋಗಬಾರದೆಂದು ನೀನೇ ಅದನ್ನು ಬಚ್ಚಿಟ್ಟುಕೊಂಡೆ, ಆಮೇಲೆ ಅದು ಇಲ್ಲವೆಂದು ನನಗೇ ದಂಡ ಹಾಕಿದೆ.

ಲೈಬ್ರರಿ ಎಂದದ್ದು ನನ್ನ ಸುಳ್ಳು. ಅಪ್ಪನ ಹತ್ತಿರ ಹೋಗಿ ಬಂದಾಗಲೆಲ್ಲ ನೀನು ಎರಡು ದಿನ ಮಾತು ಬಿಡುತ್ತಿದ್ದೆ. ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿ ಹೋಗುತ್ತಿದ್ದೆ. ಅದಕ್ಕೆ ಹೆದರಿ ಹೇಳಿದೆ.

ನಿನ್ನ ಕಾಗದ ಒಡೆದಾಗ ನಾನು ಮೊದಲು ಹುಡುಕಿದ್ದು ಪಾಸಿನ ಮಾತನ್ನೇ. ನೀನು ನಿಜ ಬರೆದಿದ್ದರೆ ಶನಿವಾರ ಬರುತ್ತಿದ್ದೆ. ಸಿಕ್ಕಿದ್ದು ಗುಮಾಸ್ತರ ಕುರ್ಚಿಯ ತಮಾಷೆ. ಅದಕ್ಕೆ ನಗು ಬಂತು, ಆಮೇಲೆ ನಕ್ಕಿದ್ದಕ್ಕೇ ಸಿಟ್ಟು ಬಂತು.

ನಾನು ಬರುವುದಿಲ್ಲ. ಸಹಿ ಮಾಡಿ ಅರ್ಜಿಯನ್ನು ನೀನೇ ಶಾಲೆಗೆ ಕೊಟ್ಟುಬಿಡು. ಅಮ್ಮ ಬೇಡ ಎಂದು ನನ್ನ ಬಾಯಿಂದ ಹೇಳಿಸಬೇಡ, ಅದು ನನಗೆ ಆಗುವುದಿಲ್ಲ.

ನಿನ್ನ ಮಗ

ತಾ.ಕ.: ಬಸ್ಸಿನ ವಿಷಯ ಯಾರೋ ಅಪ್ಪನ ಕಿವಿಗೆ ಹಾಕಿದ್ದಾರೆ. ಪಾಸ್ ಏನಾಯಿತು ಎಂದು ಕೇಳಿದರು. ನಾನೇ ಎಲ್ಲೋ ಕಳೆದುಕೊಂಡೆ ಅಂದೆ, ಚೆನ್ನಾಗಿ ಬೈಸಿಕೊಂಡೆ. ನಿನ್ನನ್ನು ಕೇಳಿದರೆ ನೀನೂ ಹಾಗೇ ಹೇಳು.