ಭುಜದ ಮಣ್ಣು

ಭದ್ರಾವತಿ,
೧೮ ಫೆಬ್ರವರಿ ೨೦೨೫

ಪ್ರೀತಿಯ ಮಗಳು ಲಿಖಿತಾಳಿಗೆ,

ಮೊಣಕಾಲಿನ ಊತ ಇಳಿಯಿತೇ? ಕ್ಯಾಂಪಿನಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಆರು ದಿನದಿಂದ ನಿನ್ನ ಫೋನ್ ಆಫ್ ಇದೆ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನಾವಿಬ್ಬರೂ ಗಟ್ಟಿಯಾಗಿದ್ದೇವೆ. "ಆ ವಿಡಿಯೋ ನೋಡ್ದೆ. ನನ್ನಿಂದ ಅಪ್ಪನ ಮಾನ ಹೋಯ್ತು, ಇನ್ನು ಕಬಡ್ಡಿ ಆಡಲ್ಲ" ಅಂತ ನೀನು ಕಳಿಸಿದ ಮೆಸೇಜನ್ನು ನಿನ್ನ ಅಮ್ಮ ನನಗೆ ಓದಿ ಹೇಳಿದಳು. ಆವತ್ತಿನಿಂದ ನನಗೆ ಅನ್ನ ಸೇರುತ್ತಿಲ್ಲ.

ಫೈನಲ್ ದಿನ ನಾನು ಮನೆಯ ಟಿವಿಯಲ್ಲೇ ನೋಡಬೇಕಿತ್ತು. ಫ್ಯಾಕ್ಟರಿಯಲ್ಲಿ ನನ್ನ ಜೊತೆಗಿದ್ದ ಮುರಳಿ ಬಿಡಲಿಲ್ಲ. "ಶಿವಮೊಗ್ಗದಲ್ಲಿ ಫ್ಯಾನ್ ಪಾರ್ಕ್ ಹಾಕಿದಾರೆ ಮಾರಾಯ, ಇಷ್ಟು ದೊಡ್ಡ ಸ್ಕ್ರೀನು, ನಮ್ ಮಗೂನ ಊರೆಲ್ಲ ನೋಡ್ಲಿ" ಅಂದ. ನಾನೂ ಇಸ್ತ್ರಿ ಶರ್ಟ್ ಹಾಕಿಕೊಂಡು ಹೋದೆ, ನನ್ನಂಥ ಮಂಗ ಇನ್ನೊಬ್ಬನಿಲ್ಲ. ಅಲ್ಲಿ ಆಟ ನೋಡುವವರೇ ಇರಲಿಲ್ಲ ಕಣೇ. ಪರದೆಗೆ ಬೆನ್ನು ಹಾಕಿ ನಿಂತು ಫೋನಿನಲ್ಲಿ ತಮ್ಮ ಮುಖವನ್ನೇ ನೋಡಿಕೊಳ್ಳುತ್ತಿದ್ದರು. ಡಿಜೆ ಗದ್ದಲದಲ್ಲಿ ನಿನ್ನ ಹೆಸರು ಒಮ್ಮೆಯೂ ಕೇಳಲಿಲ್ಲ. ನೀನು ರೈಡಿಗೆ ಹೋದ ಹೊತ್ತಿಗೆ ಸರಿಯಾಗಿ ಮೈಕಿನವನು, ಡ್ರೋನ್ ಬಂತು, ಎಲ್ಲರೂ ಮೇಲೆ ನೋಡಿ ಕೂಗಿ ಎಂದ. ಕೂಗಿದರು. ಯಾವ ತಂಡಕ್ಕೆ ಅಂತ ಅವರಿಗೇ ಗೊತ್ತಿರಲಿಲ್ಲ.

ಕೊನೆಯ ರೈಡಿನಲ್ಲಿ ನಿನ್ನನ್ನು ಹಿಡಿದರು, ಒಂದು ಪಾಯಿಂಟಿನಿಂದ ಸೋತೆವು. ಸ್ವಲ್ಪ ಹೊತ್ತಿಗೆ ನನಗೆ ಅಳು ಬಂತು. ಪಕ್ಕದಲ್ಲಿದ್ದ ಯಾವನೋ ನನ್ನ ಮೂಗಿಗೇ ಫೋನ್ ಹಿಡಿದು, "ಅಂಕಲ್, ಇನ್ನೊಂಚೂರು ಅಳಿ, ಲೈಟ್ ಚೆನ್ನಾಗಿದೆ" ಅಂದ. "ಆಡಿದ ಹುಡುಗಿ ಇವರ ಮಗಳು ಕಣಯ್ಯ, ನಾಚಿಕೆ ಆಗಲ್ವಾ" ಅಂತ ಮುರಳಿ ಬೈದ. ಬೈದದ್ದನ್ನೂ ಸೇರಿಸಿಕೊಂಡರು. ಮರುದಿನ ಶೋಕದ ಹಾಡು ಹಾಕಿ, "ಮಗಳು ಔಟ್, ಅಪ್ಪ ಡಬಲ್ ಔಟ್" ಅಂತ ಬರೆದು ವಿಡಿಯೋ ಬಿಟ್ಟಿದ್ದಾರೆ. ಸಂತೆಯಲ್ಲಿ ಸೊಪ್ಪು ಮಾರುವ ಬಂಗಾರಮ್ಮ ಕೂಡ ನೋಡಿದ್ದಾಳೆ. ನಿನ್ನ ಆಟವನ್ನು ಒಬ್ಬನೂ ನೋಡಲಿಲ್ಲ, ನನ್ನ ಮೂಗು ಸೋರಿದ್ದನ್ನು ಊರೆಲ್ಲ ತಿರುಗಿಸಿ ತಿರುಗಿಸಿ ನೋಡಿತು. ಇದಕ್ಕೆ ಅಭಿಮಾನ ಅಂತ ಹೆಸರು ಬೇರೆ. ಥೂ.

ಕಾಲಿಗೆ ಬಿಸಿನೀರಿನ ಶಾಖ ಕೊಡು. ಅಮ್ಮ ಕೋಡುಬಳೆ ಮಾಡಿ ಕಳಿಸಿದ್ದಾಳೆ, ಜೊತೆಯವರಿಗೂ ಹಂಚು. ನಿನ್ನ ಮೈಕೈ ಗಟ್ಟಿಯಾಗಿರಲಿ, ದೇವರು ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ಗಂಗಾಧರಪ್ಪ

ತಾ.ಕ.: ಹೇಳಬೇಕಾದದ್ದೇ ಬಿಟ್ಟೆ. ನಾನು ಅತ್ತದ್ದು ಸೋತದ್ದಕ್ಕಲ್ಲ. ಕ್ವಾರ್ಟರ್ಸ್ ಹಿಂದಿನ ಅಂಕಣದಲ್ಲಿ ನಿನಗೆ ಕಲಿಸುವಾಗ ಒಂದು ಕಟ್ಟಳೆ ಇತ್ತಲ್ಲ, ಔಟಾದವರು ತಮ್ಮನ್ನು ಹಿಡಿದವರ ಭುಜದ ಮಣ್ಣು ಒರೆಸಿಯೇ ಹೊರಗೆ ಬರಬೇಕು ಅಂತ. ಫೈನಲ್ ದಿನ ನೀನು ಕುಂಟಿಕೊಂಡು ಹೋಗಿ ನಿನ್ನನ್ನು ಹಿಡಿದ ಹುಡುಗಿಯ ಭುಜ ಒರೆಸಿದೆ. ಮ್ಯಾಟಿನ ಮೇಲೆ ಮಣ್ಣೆಲ್ಲಿತ್ತು ಮಗಳೇ? ಅದಕ್ಕೆ ಅತ್ತೆ. ಆಟ ಬಿಡಬೇಡ. ಫೋನ್ ಆನ್ ಮಾಡು.